ಹೈಸ್ಕೂಲ್ ಮಗುವಿಗೆ ಲ್ಯಾಪ್‌ಟಾಪ್: ಪೆನ್‌ಡ್ರೈವ್ ಜೇಬಲ್ಲಿಟ್ಕೊಂಡು ಹೋಗಿ

ದಾವಣಗೆರೆಯಲ್ಲಿ ಹೈಸ್ಕೂಲ್ ಮಗುವಿಗೆ ಲ್ಯಾಪ್‌ಟಾಪ್ ಹುಡುಕುತ್ತಿದ್ದೀರಾ? ಹೊಸದೇ ಬೇಕು ಅಂತ ಹಟ ಬೇಡ. ಆಫೀಸುಗಳಲ್ಲಿ ಬಳಸಿದ ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಎಕ್ಸ್260, ಎಕ್ಸ್270 ತರದವು ಸೆಕೆಂಡ್ ಹ್ಯಾಂಡಲ್ಲಿ ಸಿಗುತ್ತವೆ. ಪರದೆ 12.5 ಇಂಚು, ಸ್ಕೂಲ್ ಬ್ಯಾಗಲ್ಲಿ ಪುಸ್ತಕದ ಜೊತೆ ಹಿಡಿಸುತ್ತದೆ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ (ಹಳೇ ಹಾರ್ಡ್ ಡಿಸ್ಕ್ ಬದಲು ಬರುವ ವೇಗದ ಡಿಸ್ಕ್) ಇರಲೇಬೇಕು. ಎಸ್‌ಎಸ್‌ಡಿ ಇಲ್ಲದಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಈ ಹಳೇ ಮಷೀನ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಅದಕ್ಕೇ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿ ಅನ್ನೋದು. ದುಡ್ಡು ಕೊಡಬೇಕಿಲ್ಲ, ಅಪ್‌ಡೇಟ್ ಬರುತ್ತಲೇ ಇರುತ್ತದೆ.

ಕೊಳ್ಳುವ ಮುಂಚೆ ಮಿಂಟನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅಂಗಡಿಗೇ ಹೋಗಿ, ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ, ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ವೈಫೈ ಸಿಗುತ್ತಾ, ಸ್ಪೀಕರ್, ಕ್ಯಾಮೆರಾ, ಒಂದೊಂದು ಕೀಲಿಯೂ ಕೆಲಸ ಮಾಡುತ್ತಾ ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ಮತ್ತೆ ಎದ್ದೇಳಬೇಕು. ಚಾರ್ಜರ್ ಕಿತ್ತು ಅರ್ಧ ಗಂಟೆ ಓಡಿಸಿ, ಕರೆಂಟ್ ಹೋದಾಗ ಬ್ಯಾಟರಿಯೇ ಗತಿ ಅಲ್ವಾ. ಬಯೋಸ್ (ಲ್ಯಾಪ್‌ಟಾಪ್ ಶುರು ಮಾಡುವ ಮೂಲ ತಂತ್ರಾಂಶ) ಪಾಸ್‌ವರ್ಡ್ ಕೇಳಿದರೆ ಕೊಳ್ಳದೇ ವಾಪಸ್ ಬನ್ನಿ, ಅದನ್ನು ತೆಗೆಸೋದು ಸುಮ್ನೆ ತಲೆನೋವು.

ಬರೆಯೋಕೆ ಲಿಬ್ರೆಆಫೀಸ್, ನಕ್ಷತ್ರ ನೋಡೋಕೆ ಸ್ಟೆಲೇರಿಯಂ. ಸ್ಟೆಲೇರಿಯಂನಲ್ಲಿ ದಾವಣಗೆರೆ ಆರಿಸಿದರೆ ನಮ್ಮೂರಿನ ಮೇಲಿನ ಆಕಾಶವೇ ಕಾಣುತ್ತದೆ! ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಕಗಪ ಕೀಲಿ ವಿನ್ಯಾಸ ಸೇರಿಸಿ, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿತ ಮಗುವಿಗೆ ಬೆರಳು ಹೊಸದಾಗಿ ಪಳಗಿಸಬೇಕಿಲ್ಲ. ಆದರೆ ಹಳೇ ನುಡಿ ಫಾಂಟಿನ ಫೈಲ್‌ಗಳು ಹಾಗೇ ತೆರೆದರೆ ಅಕ್ಷರ ಕಲಸಿಹೋಗುತ್ತವೆ, ಮೊದಲು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ) ಬದಲಾಯಿಸಿಕೊಳ್ಳಿ.