ಹಾರ್ನ್ ರಿಪೇರಿಗೆ ಬಂದ ಕಾರು

ಹಾಸನದ ಬಿ.ಎಂ. ರಸ್ತೆ ಪಕ್ಕದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಕಾರಿನ ವೈರಿಂಗ್ ಕೆಲಸ ಮಾತ್ರ ಮಾಡುತ್ತೇನೆ. ಹೋದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಹೈಸ್ಕೂಲ್ ಮೇಷ್ಟ್ರೊಬ್ಬರು ತಮ್ಮ ಕಾರು ತಂದರು. 2018ರ ಸಣ್ಣ ಕಾರು. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡು ನಾಲ್ಕು ತಿಂಗಳಾಗಿತ್ತಂತೆ.

"ಹಾರ್ನ್ ಬರ್ತಿಲ್ಲ ನೋಡಪ್ಪ. ಸಕಲೇಶಪುರದ ತಿರುವುಗಳಲ್ಲಿ ಹಾರ್ನ್ ಇಲ್ದೆ ಜೀವ ಕೈಯಲ್ಲಿ ಹಿಡ್ಕೊಂಡು ಬಂದೆ" ಅಂದರು.

ಫ್ಯೂಸ್ ನೋಡಿದೆ, ರಿಲೇ ನೋಡಿದೆ, ಹಾರ್ನಿಗೆ ನೇರವಾಗಿ ಕರೆಂಟ್ ಕೊಟ್ಟು ನೋಡಿದೆ. ಎಲ್ಲಾ ಸರಿ ಇತ್ತು. ಉಳಿದದ್ದು ಸ್ಟೀರಿಂಗ್ ಹಿಂದಿರುವ ಕ್ಲಾಕ್ ಸ್ಪ್ರಿಂಗ್. ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿದರೂ ವೈರ್ ತುಂಡಾಗಬಾರದು, ಅಲ್ವಾ? ಅದಕ್ಕೆ ಒಂದು ದುಂಡನೆಯ ಡಬ್ಬಿಯೊಳಗೆ ತೆಳ್ಳನೆ ಪಟ್ಟಿಯನ್ನು ಸುರುಳಿ ಸುತ್ತಿ ಇಟ್ಟಿರುತ್ತಾರೆ. ಹಾರ್ನಿನ ಸಂಪರ್ಕ ಅದರೊಳಗೇ ಹೋಗುತ್ತದೆ. ಡ್ರೈವರ್ ಏರ್‌ಬ್ಯಾಗಿನ ಸಂಪರ್ಕವೂ ಅದರಲ್ಲೇ.

ಇಲ್ಲೇ ನನಗೆ ಅನುಮಾನ ಬಂತು. ಆ ಪಟ್ಟಿ ತುಂಡಾಗಿದ್ದರೆ ಹೆಚ್ಚಿನ ಪಾಲು ಹಾರ್ನ್ ಜೊತೆಗೆ ಮೀಟರಿನಲ್ಲಿ ಏರ್‌ಬ್ಯಾಗ್ ದೀಪವೂ ಹೊತ್ತಿಕೊಂಡಿರಬೇಕು. ಈ ಕಾರಿನಲ್ಲಿ ಆ ದೀಪ ಉರಿಯುತ್ತಿರಲಿಲ್ಲ.

ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದೆ. ಎಲ್ಲ ದೀಪಗಳ ಜೊತೆ ಏರ್‌ಬ್ಯಾಗ್ ದೀಪವೂ ಹೊತ್ತಿತು. ಸರಿಯಾಗಿರುವ ಕಾರಿನಲ್ಲಿ ಅದು ಐದಾರು ಸೆಕೆಂಡ್ ಉರಿದು, ಎಂಜಿನ್ ಸ್ಟಾರ್ಟ್ ಆಗಿರಲಿ ಬಿಡಲಿ, ತಾನಾಗಿಯೇ ಆರಬೇಕು. ಅಷ್ಟರಲ್ಲಿ ಅದರ ಕಂಪ್ಯೂಟರ್ ತನ್ನ ವೈರುಗಳನ್ನೆಲ್ಲ ಒಮ್ಮೆ ಪರೀಕ್ಷೆ ಮಾಡಿಕೊಂಡಿರುತ್ತದೆ. ನಾನು ಎಣಿಸುತ್ತಾ ಕೂತೆ. ಹತ್ತು, ಇಪ್ಪತ್ತು, ಅರವತ್ತು. ಆರಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿದೆ. ಎಂಜಿನ್ ಸ್ಟಾರ್ಟ್ ಆದರೆ ಆರುವ ಆಯಿಲ್ ದೀಪ ಆರಿತು. ಅದೇ ಕ್ಷಣಕ್ಕೆ ಏರ್‌ಬ್ಯಾಗ್ ದೀಪವೂ ಆರಿತು.

ಮೂರು ಸಲ ಮಾಡಿ ನೋಡಿದೆ. ಮೂರು ಸಲವೂ ಎರಡೂ ಒಟ್ಟಿಗೇ. ಮೀಟರ್ ಬಿಚ್ಚಿದರೆ ಬೋರ್ಡಿನ ಹಿಂದೆ ಕೂದಲಿನಷ್ಟು ಸಣ್ಣ ವೈರ್. ಏರ್‌ಬ್ಯಾಗ್ ದೀಪವನ್ನು ಆಯಿಲ್ ದೀಪಕ್ಕೆ ಬೆಸುಗೆ ಹಾಕಿ ಸೇರಿಸಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

"ಮೇಷ್ಟ್ರೇ, ಒಳಗೆ ಬನ್ನಿ. ಇದು ಹಾರ್ನ್ ವಿಷಯ ಅಲ್ಲ" ಅಂದೆ.

ಅವರನ್ನು ಕೂರಿಸಿ ಸ್ವಲ್ಪ ಹೊತ್ತು ಮಾತಾಡಿದೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಏರ್‌ಬ್ಯಾಗ್ ಬಗ್ಗೆ ಎಲ್ಲರಿಗೂ ಗೊತ್ತು. ಸೀಟ್ ಬೆಲ್ಟಿನೊಳಗೂ ಒಂದು ಸಿಡಿಮದ್ದು ಇರುತ್ತದೆ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಬೆಲ್ಟನ್ನು ಜಗ್ಗಿದರೆ ಲಾಕ್ ಆಗುತ್ತದೆ. ಲಾಕ್ ಆಯಿತು ಅಂದರೆ ಇನ್ನು ಮುಂದಕ್ಕೆ ಬಿಡುವುದಿಲ್ಲ ಅಂತ ಅಷ್ಟೇ ಅರ್ಥ. ಮೊದಲೇ ಇದ್ದ ಸಡಿಲು ಹಾಗೇ ಇರುತ್ತದೆ. ದಪ್ಪ ಸ್ವೆಟರ್ ಹಾಕಿದ್ದರೆ, ಸೀಟಿನಲ್ಲಿ ಸ್ವಲ್ಪ ಜಾರಿ ಕೂತಿದ್ದರೆ ನಾಲ್ಕೈದು ಬೆರಳಷ್ಟು ಸಡಿಲು ಇದ್ದೇ ಇರುತ್ತದೆ. ಕಾರು ಗುದ್ದಿ ನಿಂತರೂ ನಮ್ಮ ಮೈ ಅಷ್ಟು ದೂರ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಆ ಸಡಿಲನ್ನು ಜಗ್ಗಿ ತೆಗೆಯುವುದೇ ಪ್ರಿಟೆನ್ಷನರ್ ಕೆಲಸ.

ಸಿಡಿದುಹೋದ ಒಂದು ಪ್ರಿಟೆನ್ಷನರನ್ನು ನನ್ನ ಮೇಜಿನ ಮೇಲೆ ಬಿಚ್ಚಿ ಇಟ್ಟಿದ್ದೇನೆ. (ಸಿಡಿಯದೆ ಇರುವುದನ್ನು ಯಾರೂ ಬಿಚ್ಚಬಾರದು, ನಾನೂ ಬಿಚ್ಚುವುದಿಲ್ಲ.) ಅದನ್ನೇ ಮೇಷ್ಟ್ರ ಕೈಗೆ ಕೊಟ್ಟೆ. ಬೆಲ್ಟ್ ಸುತ್ತಿಕೊಳ್ಳುವ ರೀಲಿನ ಪಕ್ಕದಲ್ಲಿ ಬಾಗಿದ ಒಂದು ಕೊಳವೆ. ಅದರೊಳಗೆ ಗೋಲಿ ಥರ ಲೋಹದ ಗುಂಡುಗಳು ಸಾಲಾಗಿ ಕೂತಿರುತ್ತವೆ. ಕೊಳವೆಯ ತುದಿಯಲ್ಲಿ ಕಿರುಬೆರಳ ತುದಿಯಷ್ಟು ಮದ್ದಿನ ಡಬ್ಬಿ. ಕರೆಂಟ್ ಬಂದ ಕೂಡಲೇ ಮದ್ದು ಹೊತ್ತಿ ಗ್ಯಾಸ್ ಆಗುತ್ತದೆ, ಗ್ಯಾಸ್ ಗುಂಡುಗಳನ್ನು ನೂಕುತ್ತದೆ, ಗುಂಡುಗಳು ಹಲ್ಲಿನ ಚಕ್ರ ತಿರುಗಿಸುತ್ತವೆ, ಬೆಲ್ಟ್ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಒಂದೇ ಏಟಿಗೆ ನಮ್ಮನ್ನು ಸೀಟಿಗೆ ಒತ್ತಿ ಹಿಡಿಯುತ್ತದೆ.

ರೀಲಿನ ನಡುವೆ ಒಂದು ಕಬ್ಬಿಣದ ಸರಳಿದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದೆ. ಮೇಷ್ಟ್ರು ಅದರ ಮೇಲೆ ಬೆರಳಾಡಿಸುತ್ತಾ, "ಇದು ಮುರಿದು ಹೀಗಾಯ್ತಾ?" ಅಂದರು. ಮುರಿದದ್ದಲ್ಲ. ತಿರುಚಿಕೊಳ್ಳಲಿ ಅಂತಲೇ ಮಾಡಿದ್ದು. ಬಿಗಿದ ಬೆಲ್ಟ್ ಹಾಗೇ ಕಲ್ಲಿನಂತೆ ಹಿಡಿದುಬಿಟ್ಟರೆ ಎದೆಯ ಮೂಳೆ ಮುರಿಯುತ್ತದೆ. ಎಳೆತ ಮಿತಿ ಮೀರಿದಾಗ ಈ ಸರಳು ತಿರುಚಿಕೊಳ್ಳುತ್ತಾ ಬೆಲ್ಟನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಬಿಡುವಷ್ಟರಲ್ಲಿ ಮುಂದೆ ಏರ್‌ಬ್ಯಾಗ್ ತುಂಬಿಕೊಂಡು ಕಾಯುತ್ತಿರುತ್ತದೆ.

ಇಷ್ಟೆಲ್ಲ ಆಗುವುದು ಕಣ್ಣು ಮಿಟುಕಿಸುವಷ್ಟರೊಳಗೆ. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿ. ಜೋರಾಗಿ ಗುದ್ದಿದ ಸುಮಾರು 15-20 ಪಾಲಿನೊಳಗೆ, ಗೇರ್ ಲಿವರ್ ಆಸುಪಾಸಿನಲ್ಲಿ ಕೂತ ಪುಟ್ಟ ಕಂಪ್ಯೂಟರ್ ಇದು ನಿಜವಾದ ಅಪಘಾತ ಅಂತ ತೀರ್ಮಾನ ಮಾಡುತ್ತದೆ. ಇನ್ನೊಂದು 10 ಪಾಲಿನಲ್ಲಿ ಬೆಲ್ಟ್ ಬಿಗಿ. 50ರ ಹೊತ್ತಿಗೆ ಚೀಲ ತುಂಬಿರುತ್ತದೆ. ತುಂಬಿದ ಕೂಡಲೇ ಹಿಂದಿನ ತೂತುಗಳಿಂದ ಗ್ಯಾಸ್ ಹೊರಗೆ ಹೋಗಲು ಶುರು. ಇಳಿಯುತ್ತಿರುವ ಚೀಲದ ಮೇಲೆ ತಲೆ ಬೀಳಬೇಕು. ಗಂಟೆಗೆ 300 ಕಿ.ಮೀ. ಹತ್ತಿರದ ವೇಗದಲ್ಲಿ ಮೇಲೇಳುತ್ತಿರುವ ಚೀಲಕ್ಕೆ ಮುಖ ಕೊಟ್ಟರೆ ಅದೇ ಪೆಟ್ಟು. ಬೆಲ್ಟ್ ಹಾಕದವರಿಗೆ ಆಗುವುದು ಹಾಗೆಯೇ. ಸ್ಟೀರಿಂಗಿಗೆ ಎದೆ ಒತ್ತಿಕೊಂಡು ಓಡಿಸುವವರಿಗೂ ನಾನು ಹೇಳುತ್ತೇನೆ, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, 25 ಸೆಂ.ಮೀ. ಅಂತರ ಇರಲಿ.

ಅದಕ್ಕೇ ಬೀಪ್ ಶಬ್ದ ನಿಲ್ಲಿಸಲು ಹಾಕುವ ಸುಳ್ಳು ಕ್ಲಿಪ್ ಕಂಡರೆ ನನಗೆ ಸಿಟ್ಟು ಬರುತ್ತದೆ. ಬೆಲ್ಟ್ ಹಾಕಿದ್ದಾರೆ ಅಂತ ಕಂಪ್ಯೂಟರಿಗೇ ಸುಳ್ಳು ಹೇಳಿದ ಹಾಗೆ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅವುಗಳ ಆನ್‌ಲೈನ್ ಮಾರಾಟ ನಿಲ್ಲಿಸಿ ಅಂತ ಆದೇಶ ಮಾಡಿತು. ಕೆಲಸಕ್ಕೆ ಬಂದ ಕಾರಿನಲ್ಲಿ ಕ್ಲಿಪ್ ಇದ್ದರೆ ನಾನು ಮೊದಲು ಅದನ್ನು ತೆಗೆಸುತ್ತೇನೆ.

ಮೇಷ್ಟ್ರ ಕಾರಿಗೆ ಬರೋಣ. ಸ್ಕ್ಯಾನರ್ ಹಾಕಿದೆ. ಏರ್‌ಬ್ಯಾಗ್ ಕಂಪ್ಯೂಟರಿನಲ್ಲಿ ಹಳೆಯ ಅಪಘಾತದ ದಾಖಲೆ ಕೂತಿತ್ತು. ಡ್ರೈವರ್ ಏರ್‌ಬ್ಯಾಗಿನ ಸರ್ಕಿಟ್ ತುಂಡಾಗಿದೆ ಅಂತಲೂ ಬಂತು. ಬ್ಯಾಟರಿ ವೈರ್ ಬಿಚ್ಚಿದೆ. ಬಿಚ್ಚಿದ ಕೂಡಲೇ ಕೈ ಹಾಕುವಂತಿಲ್ಲ. ಗುದ್ದಿದಾಗ ಬ್ಯಾಟರಿಯೇ ಕಿತ್ತುಹೋದರೂ ಚೀಲ ಬಿಚ್ಚಿಕೊಳ್ಳಲಿ ಅಂತ ಕಂಪ್ಯೂಟರಿನೊಳಗೆ ಕೆಪಾಸಿಟರ್‌ನಲ್ಲಿ ಕರೆಂಟ್ ಕೂಡಿಟ್ಟಿರುತ್ತಾರೆ. ಎಷ್ಟು ಹೊತ್ತು ಕಾಯಬೇಕು ಅಂತ ಕಂಪನಿ ಕೈಪಿಡಿಯಲ್ಲಿ ಇರುತ್ತದೆ. ಕೆಲವು ಕಾರಿಗೆ 90 ಸೆಕೆಂಡ್, ಕೆಲವಕ್ಕೆ ಇನ್ನೂ ಜಾಸ್ತಿ. ನಾನು ಯಾವ ಕಾರಾದರೂ ಹತ್ತು ನಿಮಿಷ ಬಿಡುತ್ತೇನೆ. ಇನ್ನೊಂದು ಮಾತು. ಏರ್‌ಬ್ಯಾಗ್, ಬೆಲ್ಟಿನ ಮದ್ದಿಗೆ ಹೋಗುವ ವೈರಿನ ಹಳದಿ ಕನೆಕ್ಟರ್ ಕಂಡರೆ ಮಲ್ಟಿಮೀಟರ್ ದೂರ ಇಡಿ. ಮದ್ದಿನ ಡಬ್ಬಿಯ ಓಮ್ ನೋಡಲು ಹೋದರೆ ಮೀಟರಿನ ಕರೆಂಟಿಗೇ ಅದು ಸಿಡಿಯಬಹುದು. ಅದರ ಜಾಗಕ್ಕೆ 2 ಓಮ್ ಆಸುಪಾಸಿನ ರೆಸಿಸ್ಟರ್ ಹಾಕಿ, ಸ್ಕ್ಯಾನರಿನಲ್ಲಿ ದೋಷ ಹೋಯಿತಾ ಅಂತ ನೋಡುವುದು ಸರಿಯಾದ ದಾರಿ.

ಮದ್ದು ಇದೆ ಅಂತ ಕಂಪ್ಯೂಟರನ್ನು ನಂಬಿಸಲು ಅದೇ ರೆಸಿಸ್ಟರನ್ನು ಮೋಸಕ್ಕೂ ಬಳಸುತ್ತಾರೆ. ಡ್ರೈವರ್ ಪಕ್ಕದ ಪಿಲ್ಲರಿನ ಪ್ಲಾಸ್ಟಿಕ್ ತೆಗೆದರೆ ಬೆಲ್ಟಿನ ಹಳದಿ ಕನೆಕ್ಟರಿಗೆ ರೆಸಿಸ್ಟರ್ ಸಿಕ್ಕಿಸಿ ಟೇಪ್ ಸುತ್ತಿದ್ದರು. ರೀಲ್ ಮಾತ್ರ ಕಡಿಮೆ ಬೆಲೆಯ ಮಾಡೆಲ್‌ದು, ಮದ್ದೇ ಇಲ್ಲದ್ದು. ಸ್ಟೀರಿಂಗ್ ನಡುವಿನ ಮುಚ್ಚಳ ತೆಗೆದೆ. ಚೀಲ ಬಿಚ್ಚಿಕೊಳ್ಳುವಾಗ ಹರಿಯುವ ಗೆರೆಯನ್ನು ಒಳಗಿನಿಂದ ಅಂಟು ಹಾಕಿ ಕೂಡಿಸಿ, ಮೇಲೆ ಬಣ್ಣ ಹೊಡೆದಿದ್ದರು. ಅದರ ಹಿಂದೆ ಖಾಲಿ ತಗಡಿನ ಡಬ್ಬಿ. ಕ್ಲಾಕ್ ಸ್ಪ್ರಿಂಗಿನ ಪಟ್ಟಿ ಅರ್ಧ ಹರಿದು ಹಾರ್ನಿನ ಎಳೆ ಈಗ ಪೂರ್ತಿ ಬಿಟ್ಟುಕೊಂಡಿತ್ತು. ಏನು ನಡೆದಿರಬೇಕು ಅಂತ ಊಹಿಸುವುದು ಕಷ್ಟ ಇರಲಿಲ್ಲ. ಮೊದಲು ರೆಸಿಸ್ಟರ್ ಹಾಕಿ ನೋಡಿದ್ದಾರೆ. ಅಪಘಾತದ ದಾಖಲೆ ಇರುವುದರಿಂದ ದೀಪ ಆರಿಲ್ಲ. ಆಮೇಲೆ ದೀಪಕ್ಕೇ ಕೈ ಹಾಕಿದ್ದಾರೆ.

ಮೇಷ್ಟ್ರು ಆ ಖಾಲಿ ಡಬ್ಬಿಯನ್ನು ತುಂಬಾ ಹೊತ್ತು ನೋಡಿದರು. "ವಾರ ವಾರ ಮಗಳನ್ನು ಕಾಲೇಜಿಂದ ಕರ್ಕೊಂಡು ಬರೋದು ಇದರಲ್ಲೇ ಕಣಪ್ಪ. ಎಷ್ಟೋ ಸಲ ಅವಳೇ ಓಡಿಸ್ತಾಳೆ" ಅಂದರು.

ಗುಜರಿಯಿಂದ ತಂದ ಏರ್‌ಬ್ಯಾಗ್ ಹಾಕಿದರೆ ಅರ್ಧ ದುಡ್ಡಿಗೆ ಆಗುತ್ತೆ ಅಂತ ಅವರಿಗೆ ಯಾರೋ ಫೋನಿನಲ್ಲಿ ಹೇಳಿದರು. ನಾನು ಒಪ್ಪಲಿಲ್ಲ. ಟಕಾಟಾ ಕಂಪನಿಯ ಏರ್‌ಬ್ಯಾಗಿನ ಕಥೆ ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರಬೇಕು. ಅದರ ಮದ್ದಿನಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಖೆ, ತೇವ ತಿಂದು ಕೆಟ್ಟು, ಚೀಲ ತುಂಬುವ ಬದಲು ಲೋಹದ ಡಬ್ಬಿಯೇ ಒಡೆದು ಚೂರುಗಳು ಜನರ ಮೈಗೆ ಹೊಕ್ಕವು. ಕಂಪನಿ 2017ರಲ್ಲಿ ದಿವಾಳಿಯಾಯಿತು. ಯಾವ ಮಳೆಯಲ್ಲಿ ನೆನೆದಿದೆ, ಯಾವ ನೀರಿನಲ್ಲಿ ಮುಳುಗಿದೆ ಅಂತ ಗೊತ್ತಿಲ್ಲದ ಮದ್ದನ್ನು ಒಬ್ಬರ ಎದೆಯ ಮುಂದೆ ನಾನು ಕೂರಿಸುವುದಿಲ್ಲ.

ಹೊಸ ಏರ್‌ಬ್ಯಾಗ್, ಪ್ರಿಟೆನ್ಷನರ್ ಇರುವ ಬೆಲ್ಟ್, ಕ್ಲಾಕ್ ಸ್ಪ್ರಿಂಗ್, ಕಂಪ್ಯೂಟರ್, ಎಲ್ಲವನ್ನೂ ಕಾರಿನ ನಂಬರ್ ಕೊಟ್ಟು ಕಂಪನಿಯಿಂದಲೇ ತರಿಸಿದೆವು. ಪಕ್ಕದ ಸೀಟಿನದ್ದು ಮೊದಲಿನದೇ, ಸಿಡಿದಿರಲಿಲ್ಲ. ಖರ್ಚು 60 ಸಾವಿರ ದಾಟಿತು. ಮಾರಿದವರ ಹತ್ತಿರ ಮೇಷ್ಟ್ರು ಒಂದಷ್ಟು ದುಡ್ಡು ವಾಪಸ್ ವಸೂಲಿ ಮಾಡಿದರು, ಫೋಟೋ ಎಲ್ಲ ನಾನು ತೆಗೆದುಕೊಟ್ಟಿದ್ದೆ. ಮೀಟರಿನ ಬೆಸುಗೆ ಬಿಡಿಸಿ ದೀಪವನ್ನು ಅದರ ಜಾಗಕ್ಕೆ ಸೇರಿಸಿದೆ. ಪಕ್ಕದ ಸೀಟಿನ ಮುಂದೆ ಏರ್‌ಬ್ಯಾಗ್ ತೆರೆಯುವ ಜಾಗದಲ್ಲಿ ಅಂಟಿಸಿದ್ದ ಗಣಪತಿಯನ್ನು ಮೇಷ್ಟ್ರು ಕೈಮುಗಿದು ಎತ್ತಿ ಮನೆಯ ದೇವರ ಗೂಡಿಗೆ ಅಂತ ಚೀಲದಲ್ಲಿಟ್ಟುಕೊಂಡರು.

ಕೊನೆಗೆ ಅವರನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದೆ. "ಎಂಜಿನ್ ಬೇಡ, ಕೀ ಮಾತ್ರ ಆನ್ ಮಾಡಿ ಎಣಿಸಿ ಮೇಷ್ಟ್ರೇ" ಅಂದೆ. ಬೆರಳು ಮಡಚುತ್ತಾ ಕ್ಲಾಸಿನಲ್ಲಿ ಎಣಿಸಿದ ಹಾಗೆ ಜೋರಾಗಿ ಎಣಿಸಿದರು. ಆರು ಅನ್ನುವಷ್ಟರಲ್ಲಿ ದೀಪ ಆರಿತು. ಆಯಿಲ್ ದೀಪ ಇನ್ನೂ ಉರಿಯುತ್ತಿತ್ತು. ಅವರು ಮತ್ತೊಮ್ಮೆ ಕೀ ತಿರುಗಿಸಿ ಎಣಿಸಿದರು.

ಆಮೇಲೆ ನೆನಪಾಗಿ ಹಾರ್ನ್ ಒತ್ತಿದರು. ರಸ್ತೆಯ ಆಚೆ ಚಹಾ ಅಂಗಡಿಯವರು ತಿರುಗಿ ನೋಡಿದರು.