ಶನಿವಾರದ ನಾಲ್ಕು

ಶುರುವಾಗಿದ್ದು ಅತ್ತೆ ಕೇಳಿದ ಒಂದು ಮಾತಿನಿಂದ. 2021ರ ಜೂನ್. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಬಿಡದೆ ಮಳೆ. ಅತ್ತೆ ಹಲಸಿನ ತೊಳೆ ಬಿಡಿಸುತ್ತಿದ್ದರು, ನಾನು ಪಕ್ಕದಲ್ಲಿ ಫೋನ್ ಹಿಡಿದು ಕೂತಿದ್ದೆ. "ಅಷ್ಟೊತ್ತಿಂದ ಅದರೊಳಗೆ ಏನು ನೋಡ್ತೀಯೇ? ಚೆನ್ನಾಗಿರೋದು ಇದ್ರೆ ನನಗೂ ತೋರಿಸು" ಅಂದರು. ತೋರಿಸೋಣ ಅಂತ ಹುಡುಕಿದರೆ ಒಂದೂ ಸಿಗಲಿಲ್ಲ. ಎರಡು ಗಂಟೆ ನೋಡಿದ್ದೆ, ಅತ್ತೆಯ ಮುಂದೆ ಹಿಡಿಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ನನಗೆ ಬಹಳ ಬೇಜಾರಾಯಿತು.

ಆ ವಾರ ಪೂರ್ತಿ ಬೇರೆ ಕಣ್ಣಿಂದ ನೋಡಿದೆ. ಶನಿವಾರ ಬೆಳಿಗ್ಗೆ ಅತ್ತೆಗೆ, ತಮ್ಮನಿಗೆ, ದುಬೈಯಲ್ಲಿರುವ ಭಾವನಿಗೆ ಫೋನಿನಲ್ಲಿ ಚೆನ್ನಾಗಿ ಕಂಡ ಒಂದಷ್ಟನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ಅಂದಿನಿಂದ ನಿಲ್ಲಿಸಿಲ್ಲ. ಈಗ ಗುಂಪಿನಲ್ಲಿ 34 ಜನ ಇದ್ದಾರೆ. ಪ್ರತಿ ಶನಿವಾರ ಏಳು ಗಂಟೆಗೆ ನಾಲ್ಕು ಸಂಗತಿ ಹೋಗುತ್ತವೆ. ಮೊದಮೊದಲು ಹತ್ತು, ಹನ್ನೊಂದು ಕಳಿಸುತ್ತಿದ್ದೆ. ಫೋನ್ ಮಾಡಿ ಕೇಳಿದಾಗ ಎಲ್ಲರೂ ಮೊದಲ ಎರಡನ್ನೇ ನೋಡಿರುತ್ತಿದ್ದರು. ಹಾಗಾಗಿ ನಾಲ್ಕು ಸಾಕು ಅನ್ನಿಸಿತು.

ಕೆಲಸ ನಡೆಯುವುದು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ. ಇಷ್ಟವಾದದ್ದು ಸಿಕ್ಕ ಕೂಡಲೇ ಬರೆದಿಡುತ್ತೇನೆ: ಏನು, ಎಲ್ಲಿ ಸಿಕ್ಕಿತು, ನೋಡಲು ಎಷ್ಟು ಹೊತ್ತು ಬೇಕು, ನೋಡುವಾಗ ಯಾರ ನೆನಪಾಯಿತು. ಈ ಕೊನೆಯದೇ ನನಗೆ ಮುಖ್ಯ. ಯಾರೂ ನೆನಪಾಗದಿದ್ದರೆ ಅದನ್ನು ಕಳಿಸುವುದಿಲ್ಲ, ಎಷ್ಟೇ ಚೆನ್ನಾಗಿರಲಿ. ಒಬ್ಬರ ಮುಖ ಕಣ್ಣ ಮುಂದೆ ಬಂದರೆ ಬರೆಯುವುದೂ ಸಲೀಸು. ರೇಡಿಯೊ ಗಾರ್ಡನ್ ಅನ್ನುವ ಜಾಲತಾಣ ಸಿಕ್ಕಾಗ ಹಾಗೇ ಆಯಿತು. ಭೂಗೋಳದ ಮೇಲೆ ಹಸಿರು ಚುಕ್ಕಿಗಳಿರುತ್ತವೆ. ಗೋಳ ತಿರುಗಿಸಿ ಒಂದು ಚುಕ್ಕಿಯ ಮೇಲೆ ನಿಂತರೆ ಆ ಊರಿನ ರೇಡಿಯೊ ಆ ಕ್ಷಣಕ್ಕೆ ಏನು ಹೇಳುತ್ತಿದೆಯೋ ಅದು ಕೇಳುತ್ತದೆ. ಆಕಾಶವಾಣಿ ಹಚ್ಚದೆ ಅಡುಗೆ ಮಾಡದ ಅತ್ತೆ ತಕ್ಷಣ ನೆನಪಾದರು. "ಮಧ್ಯಾಹ್ನ ಒಂದು ಗಂಟೆಗೆ ಐಸ್‌ಲ್ಯಾಂಡಿನ ಮೇಲೆ ನಿಲ್ಲಿಸಿ ಅತ್ತೆ, ಅಲ್ಲಿ ಆಗ ಬೆಳಿಗ್ಗೆ ಏಳೂವರೆ" ಅಂತ ಬರೆದೆ. ಅವರು ನಿಜವಾಗಿಯೂ ಕೇಳಿದರು. "ಭಾಷೆ ಒಂಚೂರೂ ತಿಳಿಯಲಿಲ್ಲ. ಆದ್ರೆ ಅವನು ಹವಾಮಾನ ಹೇಳ್ತಿದ್ದ, ದನಿ ನಮ್ಮೋರದ್ದೇ ಥರ ಇತ್ತು" ಅಂದರು. ಆ ಮಾತು ಕೇಳಿ ನನಗೆ ಇಡೀ ವಾರ ಖುಷಿ.

ಒಂದು ತಪ್ಪಿನಿಂದ ಜಾಸ್ತಿ ಕಲಿತೆ. ಎರಡನೇ ವರ್ಷ ಇರಬೇಕು. ಯಾರೋ ಹಂಚಿದ ಸುಂದರ ಸಾಲುಗಳನ್ನು ಬಸವಣ್ಣನ ವಚನ ಅಂತ ಹಾಗೇ ಕಳಿಸಿಬಿಟ್ಟೆ. ಅರ್ಧ ಗಂಟೆಯೊಳಗೆ ದೊಡ್ಡಪ್ಪನ ಫೋನ್. "ಅಂಕಿತ ಎಲ್ಲಿದೆ ಮಗಾ? ಕೂಡಲಸಂಗಮದೇವ ಅನ್ನೋದೇ ಇಲ್ವಲ್ಲ." ಆಗ ವಚನ ಸಂಚಯ ಅನ್ನುವ ಜಾಲತಾಣದಲ್ಲಿ ಹುಡುಕಿದೆ. 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಅಲ್ಲಿ ಒಟ್ಟಿಗೆ ಇಟ್ಟಿದ್ದಾರೆ. ಒಂದು ಪದ ಬರೆದರೆ ಅದಿರುವ ವಚನಗಳೆಲ್ಲ ಬರುತ್ತವೆ, ಯಾರು ಬರೆದದ್ದು ಅನ್ನುವುದೂ ಜೊತೆಗೆ ಬರುತ್ತದೆ. ನಾನು ಕಳಿಸಿದ ಸಾಲುಗಳ ಪದಗಳನ್ನು ಒಂದೊಂದಾಗಿ ಹಾಕಿದೆ. ಅಂಥ ವಚನ ಎಲ್ಲೂ ಇರಲಿಲ್ಲ. ಅದೇ ದಿನ ಗುಂಪಿನಲ್ಲಿ ತಪ್ಪಾಯಿತು ಅಂತ ಬರೆದೆ. ಮುಂದಿನ ಶನಿವಾರದ ಮೊದಲ ಸಂಗತಿ ವಚನ ಸಂಚಯವೇ. "ಮರ ಅನ್ನುವ ಪದ ಹಾಕಿ, ಬಂದದ್ದರಲ್ಲಿ ನಿಮಗೆ ಇಷ್ಟವಾದ ಒಂದು ವಚನ ಕಳಿಸಿ" ಅಂತ ಕೇಳಿದೆ. ಒಂಬತ್ತು ಜನ ಕಳಿಸಿದರು. ಒಬ್ಬರದ್ದು ಅಕ್ಕಮಹಾದೇವಿ, ಇಬ್ಬರದ್ದು ಅಲ್ಲಮ. ದೊಡ್ಡಪ್ಪ ಒಬ್ಬರೇ ನಾಲ್ಕು ಕಳಿಸಿದರು!

ಅಂದಿನಿಂದ ಪೂರ್ತಿ ನೋಡದ, ಪೂರ್ತಿ ಕೇಳದ ಯಾವುದನ್ನೂ ಕಳಿಸಿಲ್ಲ. ಇದಕ್ಕೆ ಸಮಯ ಬೇಕು, ಸುಮ್ನೆ ಆಗುವುದಿಲ್ಲ. ತಾಳಮದ್ದಲೆಯ (ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಧ್ವನಿಮುದ್ರಣ ಅಂದರೆ ಕೆಲವೊಮ್ಮೆ ನಾಲ್ಕು ಗಂಟೆ. ಅದನ್ನು ವಾರದ ರಾತ್ರಿಗಳಿಗೆ ಹಂಚಿಕೊಂಡು ಕೇಳುತ್ತೇನೆ. ನಾಲ್ಕು ಗಂಟೆ ಕೇಳಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ ಅಲ್ವಾ? ಅದಕ್ಕೆ ಜಾಗ ಗುರುತು ಮಾಡಿ ಕೊಡುತ್ತೇನೆ: ಇಷ್ಟನೇ ನಿಮಿಷದಿಂದ ಕೇಳಿ, ಅಲ್ಲಿ ಭಾಗವತರ ಪದ ಮುಗಿದು ಅರ್ಥ, ಅಂದರೆ ಪಾತ್ರಗಳ ಮಾತು, ಶುರುವಾಗುತ್ತದೆ, ಕರ್ಣ ಮೊದಲ ಬಾರಿಗೆ ದನಿ ತಗ್ಗಿಸುತ್ತಾನೆ, ಹತ್ತು ನಿಮಿಷ ಸಾಕು. ಹತ್ತು ನಿಮಿಷಕ್ಕೆಂದು ಕೂತವರು ಎಷ್ಟೋ ಸಲ ಪೂರ್ತಿ ಕೇಳಿದ್ದಾರೆ.

ಬರೆಯುವಾಗ "ಅದ್ಭುತ", "ನೋಡಲೇಬೇಕು" ಅನ್ನುವ ಮಾತು ಬಿಟ್ಟೆ. ಅವುಗಳಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ನಾನು ಅದರ ಜೊತೆ ಏನು ಮಾಡಿದೆ ಅಂತ ಎರಡು ಮೂರು ಸಾಲಿನಲ್ಲಿ ಹೇಳುತ್ತೇನೆ. ಅಲರ್ ಅನ್ನುವ ಆನ್‌ಲೈನ್ ಕನ್ನಡ-ಇಂಗ್ಲಿಷ್ ನಿಘಂಟಿನ ಬಗ್ಗೆ ಬರೆಯುವಾಗ ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಕೂಡಿಸಿದ 1.5 ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು ಅಲ್ಲಿ ಉಚಿತವಾಗಿ ಸಿಗುತ್ತವೆ ಅಂತ ಹೇಳಿದೆ. ಅದರ ಜೊತೆಗೆ ನಾನೂ ತಮ್ಮನ ಮಗಳೂ ಊಟ ಆದಮೇಲೆ ಆಡುವ ಆಟದ ಬಗ್ಗೆಯೂ ಬರೆದೆ. ಒಬ್ಬರು ಪದ ಹೇಳಬೇಕು, ಇನ್ನೊಬ್ಬರು ಅರ್ಥ ಊಹಿಸಬೇಕು, ಆಮೇಲೆ ತೆಗೆದು ನೋಡಬೇಕು. ಮೂರು ಮನೆಗಳಲ್ಲಿ ಈಗ ಈ ಆಟ ನಡೆಯುತ್ತಿದೆ.

ಸಣ್ಣ ಸಣ್ಣ ವಿಷಯಗಳನ್ನೂ ಹೇಳಬೇಕಾಗುತ್ತದೆ. ಹಕ್ಕಿಯ ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಅನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಮಾಡಿದೆ. ನಮ್ಮ ಮಡಿವಾಳ, ಕೆಂಬೂತ ಎಲ್ಲವನ್ನೂ ಗುರುತಿಸುತ್ತದೆ. ಆದರೆ ನಮ್ಮ ಕಡೆಯ ಹಕ್ಕಿಗಳ ಮಾಹಿತಿಯನ್ನು ಮೊದಲೇ ಇಳಿಸಿಕೊಂಡಿರಬೇಕು. ಹಾಗೆ ಇಳಿಸಿಕೊಂಡರೆ ಆಮೇಲೆ ತೋಟದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ನನ್ನ ಫೋನಿನಲ್ಲಿ ಹೆಸರುಗಳು ಇಂಗ್ಲಿಷಿನಲ್ಲಿ ಬಂದವು, ಆದ್ದರಿಂದ ಮನೆ ಸುತ್ತ ಕಾಣುವ ಹತ್ತು ಹಕ್ಕಿಗಳ ಕನ್ನಡ ಹೆಸರನ್ನು ನಾನೇ ಪಕ್ಕದಲ್ಲಿ ಬರೆದು ಕಳಿಸಿದೆ. ಕಣ್ಣು ಮಂಜಾದವರಿಗೆ ಇಡೀ ಪಟ್ಟಿಯನ್ನು ಓದಿ ಧ್ವನಿ ಸಂದೇಶವನ್ನೂ ಹಾಕುತ್ತೇನೆ. ಅದಕ್ಕೆ ಐದು ನಿಮಿಷ ಹಿಡಿಯುತ್ತದೆ ಅಷ್ಟೇ.

ನಾಸಾದವರು 1995ರ ಜೂನ್ 16ರಿಂದ ದಿನಕ್ಕೊಂದು ಆಕಾಶದ ಚಿತ್ರ ಹಾಕುತ್ತಾ ಬಂದಿದ್ದಾರೆ. ಹಳೆಯವೆಲ್ಲ ತಾರೀಖಿನ ಪ್ರಕಾರ ಸಿಗುತ್ತವೆ. "ಮನೆಯ ಮಕ್ಕಳು ಹುಟ್ಟಿದ ದಿನದ ಚಿತ್ರ ಹುಡುಕಿ" ಅಂತ ಬರೆದ ವಾರ ಗುಂಪು ರಾತ್ರಿವರೆಗೂ ಸುಮ್ಮನಾಗಲಿಲ್ಲ.

ನಾಲ್ಕರಲ್ಲಿ ಒಂದಾದರೂ ಫೋನಿನ ಹೊರಗಿನದ್ದು ಇರಬೇಕು ಅಂತ ನನ್ನ ಆಸೆ. ಒಂದು ಸಲ ಬೆಂಗಳೂರಿನ ಬೇಗೂರಿನಲ್ಲಿರುವ ಶಾಸನದ ಬಗ್ಗೆ ಬರೆದೆ. ಸುಮಾರು ಕ್ರಿ.ಶ. 890ರ ಕಲ್ಲು, ಅದರಲ್ಲಿ "ಬೆಂಗಳೂರು ಕಾಳಗ"ದ ಮಾತಿದೆ. ಬೆಂಗಳೂರು ಅನ್ನುವ ಹೆಸರು ಕೆಂಪೇಗೌಡರಿಗಿಂತ ಆರು ಶತಮಾನ ಹಿಂದೆಯೇ ಇತ್ತು ಅನ್ನುವುದಕ್ಕೆ ಕಲ್ಲಿನ ಸಾಕ್ಷಿ. ಹಳೆಯ ಸ್ನೇಹಿತೆಯೊಬ್ಬಳು ಅಲ್ಲಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ 12 ವರ್ಷದಿಂದ ಇದ್ದಾಳೆ, ಒಮ್ಮೆಯೂ ಹೋಗಿರಲಿಲ್ಲ. ಆ ಭಾನುವಾರ ಮಗನನ್ನು ಕರೆದುಕೊಂಡು ಹೋದಳು. ನಾಗೇಶ್ವರ ದೇವಸ್ಥಾನದಿಂದಲೇ ಫೋನ್ ಮಾಡಿದಳು. ಮಗ ಹಳಗನ್ನಡದ ಅಕ್ಷರಗಳಲ್ಲಿ ಒಂದನ್ನಾದರೂ ಓದಲೇಬೇಕು ಅಂತ ಕಲ್ಲಿನ ಮುಂದಿನಿಂದ ಏಳುತ್ತಲೇ ಇರಲಿಲ್ಲವಂತೆ.

ಎಲ್ಲ ವಾರವೂ ಹೀಗಿರುವುದಿಲ್ಲ. ಕೆಲವು ಶನಿವಾರ ಒಬ್ಬರೂ ಉತ್ತರ ಬರೆಯುವುದಿಲ್ಲ. ಆಗಲೂ ಮುಂದಿನ ವಾರ ಕಳಿಸುತ್ತೇನೆ. ಭಾವ ಒಮ್ಮೆ ಆರು ತಿಂಗಳ ಹಿಂದಿನದ್ದನ್ನು ಮೊನ್ನೆ ರಜೆಯಲ್ಲಿ ಕೇಳಿದೆ ಅಂದರು. ಜನ ಎತ್ತಿಟ್ಟುಕೊಂಡಿರುತ್ತಾರೆ.

ಕಳೆದ ತಿಂಗಳು ಅತ್ತೆ ಒಂದು ಧ್ವನಿ ಸಂದೇಶ ಕಳಿಸಿದರು. ಮಾತಿಲ್ಲ, ನೇರ ಹಾಡು. ಅವರ ಅಜ್ಜಿ ಮದುವೆ ಮನೆಗಳಲ್ಲಿ ಹೇಳುತ್ತಿದ್ದ ಹಸೆಗೆ ಕರೆಯುವ ಹಾಡು. ಹಿಂದೆ ಮಳೆಯ ಸದ್ದು, ನಡುವೆ ಒಂದು ಕಡೆ ಕುಕ್ಕರ್ ಕೂಗು. ನೋಟ್‌ಬುಕ್ಕಿನಲ್ಲಿ ಬರೆದೆ: ಅತ್ತೆ, ಸಾಗರ, 2 ನಿಮಿಷ 40 ಸೆಕೆಂಡು. ಆ ಶನಿವಾರ ನಾಲ್ಕನೆಯದಾಗಿ ಅದನ್ನೇ ಕಳಿಸಿದೆ. ಉಳಿದ ನುಡಿಗಳು ಎಲ್ಲಿ ಅಂತ ಎಲ್ಲರೂ ಕೇಳುತ್ತಿದ್ದಾರೆ. ಅತ್ತೆಗೆ ಇನ್ನೂ ಎರಡು ನುಡಿ ನೆನಪಿವೆಯಂತೆ, ಮೂರನೆಯದಕ್ಕೆ ತೀರ್ಥಹಳ್ಳಿಯ ತಂಗಿಯನ್ನು ಕೇಳಬೇಕಂತೆ. ಈ ವಾರ ನಾನು ಮೂರೇ ಬರೆದಿಟ್ಟಿದ್ದೇನೆ. ನಾಲ್ಕನೆಯದನ್ನು ಶುಕ್ರವಾರದೊಳಗೆ ಕಳಿಸುತ್ತೇನೆ ಅಂದಿದ್ದಾರೆ ಅತ್ತೆ.