ಕಗ್ಗದ ಬೀಜಕ್ಕೆ ಎಷ್ಟು ತೆನೆ ಕೊಯ್ಯಬೇಕು?

ನಮ್ಮ ಕಡೆ ಕಗ್ಗ ಅನ್ನುವ ಭತ್ತದ ಬೀಜಕ್ಕೆ ತೆನೆ ಆರಿಸುವುದು ಅಂದರೆ ಗದ್ದೆಗೆ ಇಳಿದು, ಉದ್ದನೆಯ, ಕಾಳು ತುಂಬಿದ ತೆನೆ ಹುಡುಕಿ ಕೊಯ್ಯುವುದು. ನಾನು ಹಾಗೆ ಮಾಡುವುದಿಲ್ಲ. ಚಂದದ 10 ತೆನೆಗಿಂತ ಸಾಧಾರಣ 100 ತೆನೆ ಮೇಲು ಅನ್ನೋದು ನನ್ನ ಲೆಕ್ಕ.

ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ನದಿ ದಂಡೆಯ ಗಜನಿಯಲ್ಲಿ, ಅಂದರೆ ಉಬ್ಬರದ ಉಪ್ಪುನೀರು ಬರುವ ತಗ್ಗು ನೆಲದಲ್ಲಿ, ನಮ್ಮದು ಕಗ್ಗದ ಗದ್ದೆ. ಮೊದಲು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತಿದ್ದೆ. ರಿಟೈರ್ ಆದಮೇಲೆ ಬೀಜ ಇಡುವ ಕೆಲಸ ನನ್ನ ಪಾಲಿಗೆ ಬಂತು. ಕಗ್ಗ ಉಪ್ಪು ತಡೆಯುವ ಭತ್ತ. ಮಳೆಗಾಲದಲ್ಲಿ ಮೇಲಿನಿಂದ ಬರುವ ಸಿಹಿನೀರು ಗದ್ದೆಯ ಉಪ್ಪನ್ನು ತೊಳೆಯುತ್ತದೆ, ಆಗ ಬಿತ್ತನೆ. ನಡುವೆ ಮಳೆ ಕೈಕೊಟ್ಟರೆ, ಇಲ್ಲಾ ಕಟ್ಟೆ ಒಡೆದರೆ ಉಬ್ಬರದ ನೀರು ಒಳಗೆ ಬರುತ್ತದೆ. ಬೇರೆ ಭತ್ತ ಅಲ್ಲಿಗೆ ಮುಗಿಯಿತು. ಕಗ್ಗ ಸ್ವಲ್ಪ ತಡೆದುಕೊಳ್ಳುತ್ತದೆ.

ದೂರದಿಂದ ನೋಡಿದರೆ ಇಡೀ ಗದ್ದೆ ಒಂದೇ ತರ. ಹತ್ತಿರ ಹೋದರೆ ಹಾಗಲ್ಲ. ಒಂದು ಗಿಡದ ಭತ್ತಕ್ಕೆ ಉದ್ದ ಮೀಸೆ, ಪಕ್ಕದ್ದಕ್ಕೆ ಗಿಡ್ಡ. ಒಂದರ ಸಿಪ್ಪೆ ಕಪ್ಪು, ಇನ್ನೊಂದರದ್ದು ಕಂದು. ಒಂದು ವಾರ ಮೊದಲೇ ಹೂವಾಗುವವೂ ಇವೆ, ಹಿಂದೆ ಬೀಳುವವೂ ಇವೆ. ಭತ್ತದ ಹೂವು ಬೆಳಗಿನ ಹೊತ್ತು ಒಂದೆರಡು ಗಂಟೆ ಬಾಯಿ ಬಿಡುತ್ತದೆ, ಅಷ್ಟರಲ್ಲಿ ತನ್ನ ಪರಾಗ ತನ್ನ ಮೇಲೇ ಬಿದ್ದಿರುತ್ತದೆ. ಪಕ್ಕದ ಗಿಡದ ಪರಾಗದಿಂದ ಕಾಳು ಕಟ್ಟುವುದು ಸಾಮಾನ್ಯವಾಗಿ ನೂರಕ್ಕೆ ಒಂದೂ ಇಲ್ಲ. ಹಾಗಾಗಿ ಗದ್ದೆ ಅನ್ನುವುದು ಪಕ್ಕಪಕ್ಕ ನಿಂತರೂ ಸಂಬಂಧ ಬೆಳೆಸದ ನೂರಾರು ಮನೆತನಗಳ ಕೇರಿ. ಹಾರ್ಡಿ ಮತ್ತು ವೈನ್‌ಬರ್ಗ್ 1908ರಲ್ಲಿ ಹೇಳಿದ, ಒಂದು ಗುಂಪಿನಲ್ಲಿ ಜೀನಿನ ರೂಪಗಳು ಯಾವ ಪಾಲಿನಲ್ಲಿ ಜೋಡಿಯಾಗುತ್ತವೆ ಅನ್ನುವ ಸೂತ್ರವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಅದು ಯಾರು ಯಾರ ಜೊತೆ ಬೇಕಾದರೂ ಕೂಡುವ ಗುಂಪಿಗೆ ಸರಿ. ಭತ್ತಕ್ಕೆ ಅದನ್ನು ಹಾಗೇ ಹಚ್ಚಲು ಬರುವುದಿಲ್ಲ.

ಈಗ ತೆನೆಯ ಲೆಕ್ಕ. ಯಾವುದೋ ಒಂದು ಜೀನಿನ ರೂಪ ಇಡೀ ಗದ್ದೆಯಲ್ಲಿ ನೂರಕ್ಕೆ 5 ಗಿಡಗಳಲ್ಲಿ ಮಾತ್ರ ಇದೆ ಅಂದುಕೊಳ್ಳಿ. ನೀವು 10 ಗಿಡದ ತೆನೆ ಕೊಯ್ದರೆ ಅಂಥ ಗಿಡ ಒಂದೂ ಕೈಗೆ ಸಿಗದೇ ಹೋಗುವ ಸಾಧ್ಯತೆ ಸುಮಾರು 60%. ಅಂದರೆ ಒಂದೇ ವರ್ಷಕ್ಕೆ ಆ ರೂಪ ಮನೆಯಿಂದ ಆಚೆ. 50 ಗಿಡದಿಂದ ತಗೊಂಡರೆ ಈ ಅಪಾಯ 8%ಕ್ಕೆ ಇಳಿಯುತ್ತದೆ. 100 ಗಿಡವಾದರೆ 1%ಕ್ಕಿಂತ ಕಡಿಮೆ. ಒಳ್ಳೆಯದೋ ಕೆಟ್ಟದ್ದೋ ಅನ್ನುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ, ಸುಮ್ನೆ ಅದೃಷ್ಟದ ಆಟ. ಪುಸ್ತಕದಲ್ಲಿ ಇದಕ್ಕೆ ಜೆನೆಟಿಕ್ ಡ್ರಿಫ್ಟ್ ಅನ್ನುತ್ತಾರೆ. ಗುಂಪು ಸಣ್ಣದಾದಷ್ಟೂ ಇದರ ಆಟ ಜೋರು. ಹೀಗೆ ಕಳೆದುಹೋದದ್ದು ಏನು ಅಂತ ಆ ವರ್ಷ ಗೊತ್ತೇ ಆಗುವುದಿಲ್ಲ. ಮುಂದೆ ಯಾವತ್ತೋ ಉಪ್ಪು ಜಾಸ್ತಿಯಾದಾಗ, ರೋಗ ಬಂದಾಗ ಗೊತ್ತಾಗಬಹುದು.

ಅದಕ್ಕೆ ನಾನು ಕೊಯ್ಲಿನ ಮುಂಚೆ ಗದ್ದೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆಯುತ್ತೇನೆ. ನಾಲ್ಕೈದು ಹೆಜ್ಜೆಗೆ ಒಂದು ಗಿಡ, ಗಿಡಕ್ಕೆ ಒಂದೇ ತೆನೆ. ಕಾಲ ಬುಡದಲ್ಲಿ ಯಾವುದಿದೆಯೋ ಅದು. ರೋಗ ಬಿದ್ದದ್ದನ್ನು ಮಾತ್ರ ಬಿಡುತ್ತೇನೆ. ಕೊಯ್ಲಿಗೆ ಬಂದವಳೊಬ್ಬಳು ನಕ್ಕಳು: "ಮಾಸ್ತರ್ರೇ, ಆ ಬಡಕಲು ತೆನೆ ಎಂತಕ್ಕೆ?" "ಅಡ್ಡಿಲ್ಲ, ಇರ್ಲಿ ಬಿಡೇ ತಂಗಿ" ಅಂದೆ. ಬಡಕಲಾಗಿರುವುದಕ್ಕೆ ಅದು ನಿಂತ ಜಾಗವೂ ಕಾರಣ ಇರಬಹುದಲ್ವಾ? ದಪ್ಪ ತೆನೆಯದ್ದೂ ಅದೇ ಕಥೆ. ಮಣ್ಣಿನ ಪುಣ್ಯ ಬೀಜಕ್ಕೆ ಇಳಿಯುವುದಿಲ್ಲ. 100 ತೆನೆ ಅಂದರೆ ಸುಮಾರು ಕಾಲು ಕಿಲೋ ಭತ್ತ. ಇಡೀ ಗದ್ದೆಗೆ ಇದು ಎಲ್ಲಿ ಸಾಕು? ಇದು ತಾಯಿ ಬೀಜ. ಮುಂದಿನ ವರ್ಷ ಒಂದು ಮೂಲೆಯಲ್ಲಿ ಬೇರೆಯಾಗಿ ಬೆಳೆದು ಹೆಚ್ಚಿಸಿಕೊಳ್ಳಬೇಕು.

ಉಪ್ಪು ನುಗ್ಗಿದ ವರ್ಷ ಮಾತ್ರ ಈ ಪದ್ಧತಿ ಬದಲು. ಆ ವರ್ಷ ಆರಿಸುವ ಕೆಲಸ ಉಪ್ಪೇ ಮಾಡಿರುತ್ತದೆ. ಆದರೆ ದಿಬ್ಬದ ಮೇಲೆ ಉಳಿದ ಗಿಡಕ್ಕೆ ಉಪ್ಪು ತಾಗಿರುವುದೇ ಇಲ್ಲ, ಅದು ಉಳಿದದ್ದು ದೊಡ್ಡ ವಿಷಯವಲ್ಲ. ನೀರು ನಿಂತ ತಗ್ಗಿನಲ್ಲಿ, ಸುತ್ತ ಎಲ್ಲಾ ಸುಟ್ಟುಹೋಗಿ ನಡುವೆ ನಿಂತದ್ದಿದೆಯಲ್ಲ, ಅದರಿಂದ ಜಾಸ್ತಿ ತೆನೆ ತೆಗೆಯುತ್ತೇನೆ. ಉಪ್ಪು ತಡೆಯುವ ಗುಣ ಒಂದೇ ಜೀನಿನದ್ದಲ್ಲ. ಕೇರಳದ ಪೊಕ್ಕಾಳಿ ಭತ್ತದ ಒಂದನೇ ಕ್ರೋಮೋಸೋಮಿನಲ್ಲಿ ಸಾಲ್ಟಾಲ್ ಎಂಬ ಭಾಗ ಗುರುತಾಗಿದೆ. ಅದು ಮುಖ್ಯ ಹೌದು, ಅದೊಂದೇ ಅಲ್ಲ. ಹಲವು ಜೀನು ಸೇರಿದ ಗುಣವಾದ್ದರಿಂದಲೇ ಒಂದೆರಡು ಗಿಡ ನಂಬಿ ಕೂರಬಾರದು.

ಕೆಂಪಕ್ಕಿಯಲ್ಲಿ ಬಿಳಿ ಸೇರುವ ವಿಷಯ ಇನ್ನೂ ಮಜಾ. ನಮ್ಮ ಕರಿ ಕಗ್ಗದ ಅಕ್ಕಿ ಕೆಂಪು. ಭತ್ತದ ಮೂಲ ಬಣ್ಣವೇ ಅದು. ಆರ್‌ಸಿ ಎಂಬ ಜೀನಿನಲ್ಲಿ ಡಿಎನ್‌ಎಯ 14 ಅಕ್ಷರ ಬಿಟ್ಟುಹೋದರೆ ಕೆಂಪು ಬರುವುದಿಲ್ಲ. ಇದು ಗೊತ್ತಾದದ್ದು 2006ರಲ್ಲಿ. ಜಗತ್ತಿನ ಬಿಳಿ ಅಕ್ಕಿ ತಳಿಗಳಲ್ಲಿ ಹೆಚ್ಚಿನವುಗಳಲ್ಲಿ ಇದೇ ಒಂದು ಬದಲಾವಣೆ ಇದೆ. ಎಲ್ಲೋ ಒಮ್ಮೆ ಆದದ್ದು, ಜನಕ್ಕೆ ಬಿಳಿ ಇಷ್ಟವಾಗಿ ಕೈಯಿಂದ ಕೈಗೆ, ತಳಿಯಿಂದ ತಳಿಗೆ ದಾಟಿತು.

ಪಕ್ಕದ ಗದ್ದೆಯ ಬಿಳಿ ತಳಿಯ ಪರಾಗ ನಮ್ಮ ಒಂದು ಕಗ್ಗದ ಹೂವಿಗೆ ಬಿತ್ತು ಅನ್ನಿ. ಆ ಕಾಳನ್ನು ಸುಲಿದು ನೋಡಿ, ಕೆಂಪೇ. ಯಾಕಂದರೆ ಆ ಕೆಂಪು ಪದರ ತಾಯಿ ಗಿಡದ್ದು. ಅದನ್ನು ಬಿತ್ತಿದರೂ ಬರುವ ಗಿಡದ ಎಲ್ಲಾ ಅಕ್ಕಿ ಕೆಂಪು, ಕೆಂಪೇ ಮೇಲಾಗುವ ಗುಣ. ಮೂರನೇ ವರ್ಷ ನಾಲ್ಕು ಗಿಡಕ್ಕೆ ಒಂದರಲ್ಲಿ ಬಿಳಿ ಅಕ್ಕಿ ಸಿಗುತ್ತದೆ. ಅದರ ಮುಂದಿನ ತಲೆಮಾರಿಗೆ ಎಂಟಕ್ಕೆ ಮೂರು. ಹೀಗೇ ಹೋಗಿ ಆ ಮನೆತನದ ಅರ್ಧ ಗಿಡ ಬಿಳಿ ಆಗುತ್ತದೆ. ಹೊಸ ಬೀಜ ಒಂದೂ ಸೇರಿಲ್ಲ, ಬಿಳಿ ಜೀನಿನ ಪಾಲು ಮೊದಲಿನಂತೆ ಅರ್ಧವೇ ಇದೆ. ಒಳಗೆ ಜೋಡಿಯಾಗಿ ಅಡಗಿದ್ದದ್ದು ಬೇರೆ ಬೇರೆ ಗಿಡಕ್ಕೆ ಹಂಚಿಹೋಯಿತು, ಅಷ್ಟೇ. ಈ ವರ್ಷ ಯಾರೋ ಬೀಜ ಕಲೆಸಿದರು ಅಂತ ಆಳುಗಳನ್ನು ಬೈಯುವವರಿಗೆ ಇದನ್ನು ಹೇಳಬೇಕು.

ಅದಕ್ಕೇ ಅಕ್ಕಿ ನೋಡಿ ಬೀಜ ಶುದ್ಧ ಅನ್ನಲು ಬರುವುದಿಲ್ಲ. ನಾನು ಒಂದೊಂದು ತೆನೆಯ ಕಾಳನ್ನು ಒಂದೊಂದು ಸಾಲಾಗಿ ನೆಡುತ್ತೇನೆ, ಸಾಲಿಗೆ 20 ಗಿಡ. ತಾಯಿ ಗಿಡದಲ್ಲಿ ಬಿಳಿ ಅಡಗಿದ್ದರೆ ಇಪ್ಪತ್ತರಲ್ಲಿ ಒಂದೂ ಬಿಳಿ ಬಾರದೇ ಇರುವುದು ಸಾವಿರಕ್ಕೆ ಮೂರು ಸಲ ಮಾತ್ರ. ಬೆಳೆದ ಮೇಲೆ ಪ್ರತಿ ಗಿಡದ ಎರಡು ಕಾಳು ಉಗುರಿನಲ್ಲಿ ಸುಲಿದು ನೋಡುತ್ತೇನೆ. ಒಂದು ಗಿಡ ಬಿಳಿ ಕಂಡರೂ ಆ ಸಾಲು ಪೂರ್ತಿ ಊಟಕ್ಕೆ. ಬಾಕಿ ಸಾಲುಗಳನ್ನು ಮೀಸೆ ಉದ್ದವೋ ಗಿಡ್ಡವೋ ನೋಡದೆ ಒಟ್ಟಿಗೆ ಸೇರಿಸುತ್ತೇನೆ. ಬೀಜ ಬೆಳೆಯುವ ಗದ್ದೆಯ ತುಂಡಿಗೂ ಪಕ್ಕದ ತಳಿಗೂ ನಡುವೆ 3 ಮೀಟರ್ ಬಿಡಬೇಕು. ಸರ್ಟಿಫೈಡ್ ಬೀಜಕ್ಕೂ ಇಷ್ಟೇ ಅಂತರ ಕೇಳುತ್ತಾರೆ.

ನಡುನಡುವೆ ಬೇರೆ ಗಜನಿಯ ನೆಂಟರಿಂದ ಒಂದು ಸೇರು ಕಗ್ಗ ತರುತ್ತೇನೆ, ನಮ್ಮದನ್ನು ಅವರಿಗೆ ಕೊಡುತ್ತೇನೆ. ನಮ್ಮಲ್ಲಿ ಕಳೆದುಹೋದದ್ದು ಅವರಲ್ಲಿ ಉಳಿದಿರಬಹುದು. ತಂದದ್ದನ್ನು ನೇರವಾಗಿ ದೊಡ್ಡ ಗದ್ದೆಗೆ ಹಾಕುವುದಿಲ್ಲ. ಒಂದು ವರ್ಷ ತಗ್ಗಿನ ಮೂಲೆಯಲ್ಲಿ ಬಿತ್ತಿ, ಹಣ್ಣಾಗುವ ಮೊದಲೇ ಕಾಳು ಉದುರಿಸುವ ಗಿಡ ಇದ್ದರೆ ಬೇರು ಸಮೇತ ಕೀಳುತ್ತೇನೆ. ಆ ಜಾತಿ ಒಮ್ಮೆ ಗದ್ದೆಗೆ ಬಿದ್ದರೆ ಕೊಯ್ಲಿಗೆ ಸಿಗುವುದಿಲ್ಲ, ಮರುವರ್ಷ ತಾನಾಗಿ ಹುಟ್ಟಿಕೊಳ್ಳುತ್ತದೆ.